ಹಡಗಿನ ಸರಕಿಗೆ ಕೊಟ್ಟ ಮಾತು ಹೊಲದ ಬೆಳೆಗೂ ಕೊಡಿ

ಕೇಂದ್ರ ಹಣಕಾಸು ಸಚಿವೆ ಶ್ರೀಮತಿ ನಿರ್ಮಲಾ ಸೀತಾರಾಮನ್ ಅವರಿಗೆ,

ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ್ತಿಯ ನಮಸ್ಕಾರ. ಆಮದು ಸುಂಕದ ಅಧಿಸೂಚನೆಗಳು ನಿಮ್ಮ ಇಲಾಖೆಯಿಂದಲೇ ಹೊರಡುತ್ತವೆ. ಅದರ ಮೇಲೆ, ರಾಜ್ಯಸಭೆಯಲ್ಲಿ ನೀವು ನಮ್ಮ ಕರ್ನಾಟಕದ ಸದಸ್ಯೆ. ಹಾಗಾಗಿ ತೊಗರಿ ಆಮದಿನ ನಿಯಮಗಳ ಬಗೆಗಿನ ಈ ಮಾತನ್ನು ನಿಮಗೇ ಹೇಳಬೇಕು ಅನ್ನಿಸಿತು.

ಎಳ್ಳಮವಾಸ್ಯೆ ಮುಗಿದು ವಾರವಾಯಿತು. ಭಜ್ಜಿ, ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ ಭೂಮಿತಾಯಿಗೆ ನೈವೇದ್ಯವಾಗಿ ಚರಗ ಚೆಲ್ಲಿ ಬಂದೆವು. ಸೆಪ್ಟೆಂಬರಿನ ಮಳೆಗೆ ನೀರು ನಿಂತ ತಗ್ಗಿನಲ್ಲಿ ತೊಗರಿ ಬೇರು ಕೊಳೆತು ಹೋಗಿದೆ. ದಿಬ್ಬದ ಕಡೆ ಉಳಿದದ್ದು ಕಾಯಿ ಒಣಗಿ ನಿಂತಿದೆ, ಗಿಡ ಹಿಡಿದು ಅಲುಗಾಡಿಸಿದರೆ ಗಲಗಲ ಅನ್ನುತ್ತದೆ. ಇನ್ನು ಹದಿನೈದು ದಿನಕ್ಕೆ ಕೊಯ್ದು ಒಕ್ಕುವ ರಾಶಿ. ಈ ಸದ್ದು ಕೇಳಿದಾಗ ಖುಷಿಯಾಗಬೇಕು. ನನಗೆ ಹೋದ ಹಂಗಾಮಿನ ಗಂಜ್ ಮಾರುಕಟ್ಟೆ ನೆನಪಾಗುತ್ತದೆ.

2025ರ ಫೆಬ್ರವರಿಯಲ್ಲಿ ಹದಿನೆಂಟು ಕ್ವಿಂಟಲ್ ತೊಗರಿ ಹೇರಿಕೊಂಡು ಕಲಬುರಗಿಯ ನೆಹರು ಗಂಜ್‌ಗೆ ಹೋಗಿದ್ದೆ. ಅಡತಿಯವರು (ಕಮಿಷನ್ ಮೇಲೆ ಮಾಲು ಮಾರಿಸಿಕೊಡುವವರು) ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದರು. ಅಂಗೈ ಮೇಲೆ ಹರಡಿ, ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡಿದರು. ‘ಮಾಲು ಚಲೋ ಅದರಿ ಅಕ್ಕಾರ’ ಅಂದರು. ಆಮೇಲೆ ಮೊಬೈಲ್ ತೆಗೆದು ಮುಂಬೈ ರೇಟ್ ನೋಡಿ, ‘ಹೊರಗಿನ ಮಾಲು ಬಾಳ ಬಂದದ, ಭಾವ ಮ್ಯಾಲೆ ಹೋಗಂಗಿಲ್ರಿ’ ಅಂದರು. ಕ್ವಿಂಟಲ್‌ಗೆ 7,100 ರೂಪಾಯಿಯಂತೆ ಕೊಟ್ಟು ಬಂದೆ. ಆ ವರ್ಷ ಕೇಂದ್ರದ ಬೆಂಬಲ ಬೆಲೆ 7,550. ರಾಜ್ಯ 450 ಸೇರಿಸಿ 8,000 ಮಾಡಿತ್ತು. ಖರೀದಿ ಕೇಂದ್ರಕ್ಕೆ ಯಾಕೆ ಕೊಡಲಿಲ್ಲ ಅಂತ ಕೇಳಬಹುದು. ನೋಂದಣಿ, ತೇವಾಂಶದ ಪರೀಕ್ಷೆ, ಸರದಿ, ಅದಾದ ಮೇಲೆ ಹಣಕ್ಕೆ ಕಾಯುವುದು. ಸಾಲದವರು ಅಷ್ಟು ದಿನ ಕಾಯುವುದಿಲ್ಲ.

ಅಡತಿಯವರನ್ನು ನಾನು ದೂರುವುದಿಲ್ಲ. ಮೊಜಾಂಬಿಕ್, ತಾಂಜಾನಿಯಾ, ಮಲಾವಿಯ ತೊಗರಿ ನಮ್ಮದಕ್ಕಿಂತ ಮೊದಲೇ ಕಟಾವಾಗಿ ಹಡಗು ಹತ್ತುತ್ತದೆ. ನಾವು ರಾಶಿ ಮಾಡುವ ಹೊತ್ತಿಗೆ ಅದು ಗೋದಾಮಿನಲ್ಲಿ ಕೂತಿರುತ್ತದೆ. ಅಂಥ ಹೊತ್ತಿನಲ್ಲೇ, 2025ರ ಜನವರಿಯಲ್ಲಿ, ತೊಗರಿಯ ಮುಕ್ತ ಆಮದನ್ನು 2026ರ ಮಾರ್ಚ್ 31ರವರೆಗೆ ವಿಸ್ತರಿಸುವ ಆದೇಶ ಬಂತು. ಮುಕ್ತ ಆಮದಿನ ಆದೇಶ ವಾಣಿಜ್ಯ ಸಚಿವಾಲಯದ್ದು, ಸುಂಕ ನಿಮ್ಮದು ಅನ್ನುವುದು ಗೊತ್ತಿದೆ. ಗಂಜ್‌ಗೆ ಮಾತ್ರ ಎರಡೂ ಒಂದೇ ಸುದ್ದಿಯಾಗಿ ಬರುತ್ತವೆ.

ಹಿಂದೆಯೂ ಹೀಗೇ ಆಗಿದೆ. 2016–17ರಲ್ಲಿ ತೊಗರಿ ದಾಖಲೆ ಬೆಳೆ ಬಂದು ಭಾವ ಬೆಂಬಲ ಬೆಲೆಗಿಂತ ಕೆಳಗೆ ಕುಸಿಯಿತು. 10% ಸುಂಕ ಹಾಕಿದ್ದು 2017ರ ಮಾರ್ಚ್ ಕೊನೆಗೆ, ವರ್ಷಕ್ಕೆ 2 ಲಕ್ಷ ಟನ್ ಎಂದು ಆಮದಿಗೆ ಮಿತಿ ಹಾಕಿದ್ದು ಆಗಸ್ಟ್‌ನಲ್ಲಿ. ಅಷ್ಟರಲ್ಲಿ ನಮ್ಮಂಥವರ ಚೀಲ ಖಾಲಿಯಾಗಿ, ಮುಂದಿನ ಬಿತ್ತನೆಯೂ ಮುಗಿದಿತ್ತು. 2021ರ ಮೇ ತಿಂಗಳಲ್ಲಿ ಆ ಮಿತಿ ತೆಗೆದರು. 2023ರ ಮಾರ್ಚ್ 4ರಿಂದ 10% ಸುಂಕವೂ ಹೋಯಿತು.

ಆ 2023ರ ತೀರ್ಮಾನವನ್ನು ನಾನು ತಪ್ಪು ಅನ್ನುವುದಿಲ್ಲ. ಅದಕ್ಕೆ ಮುಂಚಿನ ಹಂಗಾಮಿನಲ್ಲಿ ನೆಟೆ ರೋಗ ತಗುಲಿ ನಮ್ಮ ಹೊಲಗಳೇ ನಿಂತಲ್ಲಿ ಒಣಗಿದ್ದವು. ಪುಣೆಯಲ್ಲಿ ಗಾರೆ ಕೆಲಸ ಮಾಡುವ ನನ್ನ ತಮ್ಮ ಬೇಳೆ ಕೊಳ್ಳಲಾಗದೆ ತಿಳಿಸಾರು ಮಾಡಿಕೊಂಡು ಉಣ್ಣುತ್ತಿದ್ದ. ಬೆಳೆ ಇಲ್ಲದ ವರ್ಷ ಬಾಗಿಲು ತೆರೆಯಲೇಬೇಕು. ಆದರೆ ಬೆಳೆ ಬಂದು ಭಾವ ಬಿದ್ದ ವರ್ಷವೂ ಅದು ತೆರೆದೇ ಇದ್ದರೆ ನಾವು ಎಲ್ಲಿಗೆ ಹೋಗಬೇಕು?

ಈಗ ನಾನು ಹೇಳಬೇಕಾದ ಮುಖ್ಯ ಮಾತು. ಹಳದಿ ಬಟಾಣಿಯ ಮೇಲೆ 2025ರ ನವೆಂಬರ್ 1ರಿಂದ 30% ಸುಂಕ ಹಾಕಿದಿರಿ. ಒಳ್ಳೆಯದಾಯಿತು. ಆ ಅಧಿಸೂಚನೆಯಲ್ಲಿ ಒಂದು ಷರತ್ತಿದೆ: ಅಕ್ಟೋಬರ್ 31ರೊಳಗೆ ಬಿಲ್ ಆಫ್ ಲೇಡಿಂಗ್ (ಹಡಗಿಗೆ ಸರಕು ಹೇರಿದ ರಸೀದಿ) ಆದ ಸರಕಿಗೆ ಹೊಸ ಸುಂಕ ಇಲ್ಲ. ಅಂದರೆ ಹಡಗಿಗೆ ಮಾಲು ಹೇರಿದ ದಿನ ಯಾವ ನಿಯಮ ಇತ್ತೋ ಅದೇ ನಿಯಮ ಅದು ದಡ ಮುಟ್ಟುವವರೆಗೂ. ವ್ಯಾಪಾರಿ ಹಣ ಹಾಕಿಯಾಗಿದೆ, ನಡುನೀರಿನಲ್ಲಿ ನಿಯಮ ಬದಲಿಸಿದರೆ ಮುಳುಗುತ್ತಾನೆ ಎಂಬ ನ್ಯಾಯ ಅದು. ಸರಿಯಾದ ನ್ಯಾಯವೇ.

ಅಮ್ಮಾ, ಹಡಗಿನ ಪಯಣ ಕೆಲವು ವಾರಗಳದ್ದು. ನನ್ನ ತೊಗರಿ ಮೃಗಶಿರಾ ಮಳೆಗೆ ಬಿತ್ತಿದರೆ ರಾಶಿಯಾಗಲು ಆರು ತಿಂಗಳು ಬೇಕು. ಬೀಜ, ಗೊಬ್ಬರ, ಕಾಯಿಕೊರಕಕ್ಕೆ ಔಷಧಿ, ಕಳೆ ಕೀಳುವ ಹೆಣ್ಣಾಳುಗಳ ಕೂಲಿ, ಎಲ್ಲ ಲಾಗೋಡಿ, ಅಂದರೆ ಬೇಸಾಯದ ಖರ್ಚು, ಹಾಕಿ ಆಗಿರುತ್ತದೆ. ನಡುವೆ ನಿಯಮ ಬದಲಾಯಿತು ಅಂತ ತೊಗರಿ ಕಿತ್ತು ಹತ್ತಿ ಹಾಕಲು ಬರುವುದಿಲ್ಲ. ಬಿತ್ತಿದ ದಿನದ ನಿಯಮ ರಾಶಿಯ ದಿನದವರೆಗೆ ಅಂತ ನನಗೂ ಒಂದು ಮಾತು ಯಾಕೆ ಸಿಗಬಾರದು?

ಬರೀ 10% ಸುಂಕ ಮರಳಿ ಹಾಕಿ ಅಂತ ನಾನು ಕೇಳುತ್ತಿಲ್ಲ. ಅತಿ ಹಿಂದುಳಿದ ದೇಶಗಳೆಂದು ಮೊಜಾಂಬಿಕ್, ಮ್ಯಾನ್ಮಾರ್‌ನ ತೊಗರಿಗೆ ಮೊದಲೂ ಸುಂಕ ಇರಲಿಲ್ಲ, ಹಾಕಿದರೂ ಅವಕ್ಕೆ ತಟ್ಟುವುದಿಲ್ಲ. ನೀವೂ ವಾಣಿಜ್ಯ ಸಚಿವರೂ ಒಟ್ಟಿಗೆ ಕೂತು ಸುಂಕ ಎಷ್ಟು, ಆಮದು ಎಷ್ಟು ಟನ್, ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ಅನ್ನುವುದನ್ನು ಬೆಂಬಲ ಬೆಲೆಯ ಜೊತೆಗೇ, ಬಿತ್ತನೆಗೆ ಮುಂಚೆ ಹೇಳಿಬಿಡಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮಾರುಕಟ್ಟೆಯ ಭಾವ ಬೆಂಬಲ ಬೆಲೆಗಿಂತ ಕೆಳಗೆ ಬಂದರೆ ಮುಕ್ತ ಆಮದು ತಾನಾಗಿಯೇ ನಿಲ್ಲಲಿ. ಮಳೆ ಕೈಕೊಟ್ಟ ವರ್ಷ ಬಾಗಿಲು ತೆರೆಯಿರಿ, ನಾವ್ಯಾರೂ ಅಡ್ಡ ಬರುವುದಿಲ್ಲ.

2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ನಮ್ಮ ಎರಿ ಭೂಮಿಯ ಸುಣ್ಣದಂಶ ಕಾಳಿಗೆ ರುಚಿ ಕೊಡುತ್ತದೆ ಅಂತ ಬರೆದರು, ಹೆಮ್ಮೆಪಟ್ಟೆವು. ಗಂಜ್‌ನಲ್ಲಿ ಆ ಹೆಸರಿಗೆ ಒಂದು ರೂಪಾಯಿ ಹೆಚ್ಚಿಗೆ ಸಿಕ್ಕಿದ್ದನ್ನು ನಾನಿನ್ನೂ ಕಂಡಿಲ್ಲ.

ಮುಕ್ತ ಆಮದಿನ ಗಡುವು, 2026ರ ಮಾರ್ಚ್ 31, ಹತ್ತಿರ ಬರುತ್ತಿದೆ. 2025–26ರ ಬೆಂಬಲ ಬೆಲೆ 8,000 ಅಂತ ನಿಮ್ಮ ಸರ್ಕಾರವೇ ಹೇಳಿದೆ. ನನ್ನ ಚೀಲಗಳು ಗಂಜ್ ಮುಟ್ಟುವ ವಾರದಲ್ಲಿ ಗಡುವು ವಿಸ್ತರಣೆಯ ಇನ್ನೊಂದು ಆದೇಶ ಹೊರಡದಿರಲಿ. ಮೇ ಕೊನೆಗೆ ಬೀಜ ತರಲು ಹೋಗುತ್ತೇನೆ. ತೊಗರಿ ಎಷ್ಟು ಎಕರೆ ಹಾಕಬೇಕು ಅನ್ನುವುದನ್ನು ಅಷ್ಟರೊಳಗೆ ನಿಮ್ಮಿಂದ ಬರುವ ಉತ್ತರ ನೋಡಿ ತೀರ್ಮಾನಿಸುತ್ತೇನೆ.

ಇತಿ,
ಆಳಂದ ತಾಲ್ಲೂಕಿನ ಒಬ್ಬ ತೊಗರಿ ಬೆಳೆಗಾರ್ತಿ
ಡಿಸೆಂಬರ್ 2025