ಮರ ಒಣಗಲು ಒಂದು ಸೂರು ಬೇಕಾಗಿದೆ: ನಮ್ಮ ಮರಗೆಲಸ ವಸತಿ ಶಾಲೆಯ ದೇಣಿಗೆ ಮನವಿ

ಆತ್ಮೀಯರೇ,

ಕಳೆದ ವರ್ಷ ಶಿವರಾತ್ರಿಗೆ ಮೊದಲು ನಮ್ಮ ಶಾಲೆಯಿಂದ ಒಂದು ಬಾಗಿಲು ಬೆಂಗಳೂರಿಗೆ ಹೋಯಿತು. ದೇವರ ಕೋಣೆಯ ಬಾಗಿಲು. ನಡುವೆ ಗಜಲಕ್ಷ್ಮಿ, ಸುತ್ತ ಬಳ್ಳಿ, ಬಳ್ಳಿಯ ತಿರುವುಗಳಲ್ಲಿ ಗಿಳಿಗಳು. ಎರಡನೇ ವರ್ಷದ ಐವರು ಮಕ್ಕಳು ಮೂರು ತಿಂಗಳು ಕೂತು ಕೆತ್ತಿದ್ದು. ಗೃಹಪ್ರವೇಶದ ದಿನ ಮನೆಯವರು ಫೋಟೊ ಕಳಿಸಿದಾಗ ಹಾಸ್ಟೆಲಿನಲ್ಲಿ ಪಾಯಸ ಮಾಡಿದ್ದೆವು. ಏಪ್ರಿಲ್ ಕೊನೆಗೆ ಅದೇ ಮನೆಯಿಂದ ಇನ್ನೊಂದು ಫೋಟೊ ಬಂತು. ಲಕ್ಷ್ಮಿಯ ಕಿರೀಟದಿಂದ ಹಿಡಿದು ಕೆಳಗಿನ ಪದ್ಮಪೀಠದವರೆಗೆ ನೆಟ್ಟಗೆ ಒಂದು ಬಿರುಕು. ಉಗುರು ತೂರುವಷ್ಟು ಅಗಲ.

ತಪ್ಪು ಮಕ್ಕಳ ಕೈಯದಲ್ಲ. ಮರ ಹಸಿಯಾಗಿತ್ತು. 'ಎರಡು ವರ್ಷ ಒಣಗಿಸಿದ ಸಾಗುವಾನಿ' ಎಂದು ಮಾರಿದವರ ಮಾತು ನಂಬಿ ಮಳೆಗಾಲ ಮುಗಿಯುವ ಹೊತ್ತಿಗೆ ತಂದಿದ್ದೆವು. ನಂಬಿದ್ದೂ, ಪರೀಕ್ಷೆ ಮಾಡದೆ ಉಳಿ ಇಟ್ಟಿದ್ದೂ ನಾವೇ. ಬಾಗಿಲು ವಾಪಸ್ ತರಿಸಿ ಹೊಸತು ಮಾಡಿಕೊಟ್ಟೆವು. ಮರದ ದುಡ್ಡು, ಲಾರಿ ಬಾಡಿಗೆ ಎಲ್ಲ ಶಾಲೆಯ ಮೇಲೆಯೇ ಬಿತ್ತು. ಒಡೆದ ಬಾಗಿಲನ್ನು ಈಗ ಕೆಲಸದ ಮನೆಯ ಗೋಡೆಗೆ ಒರಗಿಸಿಟ್ಟಿದ್ದೇವೆ. ಹೊಸದಾಗಿ ಸೇರುವ ಮಕ್ಕಳಿಗೆ ಮೊದಲ ಪಾಠ ಅದರ ಮುಂದೆಯೇ ನಡೆಯುತ್ತದೆ.

ಈ ಕಾಗದ ಬರೆಯಲು ಆ ಬಾಗಿಲೇ ಕಾರಣ. ನಮಗೆ ಮರ ಒಣಗಿಸಲು ಒಂದು ಶೆಡ್ ಬೇಕು. ಅದರ ಜೊತೆಗೆ, ಹದಿನೆಂಟು ಮಕ್ಕಳ ಊಟ ಮತ್ತು ಉಳಿಗಳ ಖರ್ಚಿಗೆ ನಿಮ್ಮ ಕೈ ಸೇರಬೇಕು.

ನಮ್ಮ ಶಾಲೆ ಇರುವುದು ಸಾಗರದ ಸೀಮೆಯಲ್ಲಿ. ಸಾಗರ, ಸೊರಬ, ಸಿದ್ದಾಪುರ, ಶಿರಸಿ, ಕುಮಟಾ, ಹೊನ್ನಾವರ ಎಂದರೆ ಕೆತ್ತನೆ ಬಲ್ಲವರಿಗೆ ಕೆತ್ತನೆಯನ್ನೇ ಕುಲಕಸುಬಾಗಿಸಿಕೊಂಡ ಗುಡಿಗಾರರ ನೆನಪಾಗುತ್ತದೆ. ಶ್ರೀಗಂಧದ ಪೆಟ್ಟಿಗೆಯ ಮೇಲೆ ಕಾಳಿನಷ್ಟು ಜಾಗದಲ್ಲಿ ಹೂವು, ಎಲೆ, ನವಿಲು ಅರಳಿಸಿದ ಕೈಗಳು ಅವು. ಅದೇ ಕೈಗಳು ಯಕ್ಷಗಾನದ ಕಿರೀಟ, ಭುಜಕೀರ್ತಿ, ಎದೆಕಟ್ಟುಗಳನ್ನೂ ಹಗುರ ಮರದಲ್ಲಿ ಕೆತ್ತಿ, ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿ, ಕನ್ನಡಿ ಕೂರಿಸಿ ಕೊಟ್ಟವು. ಮರದ ಕೆಲಸಕ್ಕೆ ಈ ಸೀಮೆಯಲ್ಲಿ ಎಂಥ ಸ್ಥಾನವೆಂದು ತಿಳಿಯಬೇಕಾದರೆ ಶಿರಸಿಗೆ ಹೋಗಬೇಕು. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಲಕ್ಷಾಂತರ ಜನ ಕೈಮುಗಿಯುವ ಮಾರಿಕಾಂಬೆಯದು ಮರದ ವಿಗ್ರಹ.

ಈ ವಿದ್ಯೆ ಹಿಂದೆ ಮನೆಯಲ್ಲೇ ಬರುತ್ತಿತ್ತು. ಮಗು ಮರದ ಹೆರೆಗಳ ನಡುವೆ ಅಂಬೆಗಾಲಿಟ್ಟು, ಏಳೆಂಟು ವರ್ಷಕ್ಕೆ ಅಪ್ಪನಿಗೆ ಕೊಡತಿ (ಮರದ ಸುತ್ತಿಗೆ) ಎತ್ತಿಕೊಟ್ಟು, ಹನ್ನೆರಡಕ್ಕೆ ಹೂವಿನ ದಳ ಕೊರೆಯುತ್ತಿತ್ತು. ಯಾರೂ ಕೂರಿಸಿ ಪಾಠ ಹೇಳಲಿಲ್ಲ. ಈಗ ಅಂಥ ಮನೆಗಳಲ್ಲಿ ಮಕ್ಕಳು ಬೇರೆ ಬೇರೆ ಊರು, ಬೇರೆ ಕೆಲಸ ಹಿಡಿದಿದ್ದಾರೆ. ಅದನ್ನು ತಪ್ಪೆನ್ನಲಾಗದು. ಇನ್ನೊಂದು ಕಡೆ, ಕಸುಬಿನ ಮನೆತನದಲ್ಲಿ ಹುಟ್ಟದ, ಆದರೆ ಮರ ಕಂಡರೆ ಕೈ ತುರಿಸುವ ಮಕ್ಕಳು ಹಳ್ಳಿ ಹಳ್ಳಿಯಲ್ಲಿದ್ದಾರೆ. ಅವರಿಗೆ ಹೆರೆಗಳ ನಡುವೆ ಬೆಳೆಯುವ ಮನೆ ಎಲ್ಲಿಂದ ಬರಬೇಕು? ನಮ್ಮ ಹಾಸ್ಟೆಲ್ ಅಂಥ ಮನೆಯಾಗಬೇಕು ಎಂದೇ ಶಾಲೆ ಕಟ್ಟಿದೆವು. ದಾರಿಯೇನೂ ಹೊಸತಲ್ಲ. ಕಾರ್ಕಳದ ಹತ್ತಿರ ಮಿಯಾರಿನಲ್ಲಿ ಕೆನರಾ ಬ್ಯಾಂಕಿನ ಬೆಂಬಲದ ಸಂಸ್ಥೆ ಮರ, ಕಲ್ಲು, ಲೋಹದ ಶಿಲ್ಪವನ್ನು ವಸತಿಯೊಂದಿಗೆ ಕಲಿಸುತ್ತ ಬಂದಿದೆ. ನಮ್ಮದು ಅದಕ್ಕಿಂತ ತೀರ ಚಿಕ್ಕದು: ಹದಿನೆಂಟು ಮಕ್ಕಳು, ಇಬ್ಬರು ಗುರುಗಳು, ಎರಡು ವರ್ಷದ ಕಲಿಕೆ, ಶುಲ್ಕವಿಲ್ಲ.

ದಿನಾ ಬಂದು ಹೋಗಿ ಕಲಿತರೆ ಆಗದೇ ಎಂದು ಅನೇಕರು ಕೇಳುತ್ತಾರೆ. ಮೊದಮೊದಲು ಹಾಗೆಯೇ ಪ್ರಯತ್ನ ಮಾಡಿದ್ದೆವು. ಜುಲೈನಲ್ಲಿ ಹಳ್ಳ ತುಂಬಿದರೆ ಬಸ್ಸಿಲ್ಲ. ನವೆಂಬರ್ ಬಂದರೆ ಅಡಿಕೆ ಕೊಯ್ಲು, ಮನೆಯಲ್ಲಿ ಕೈ ಬೇಕು. ಕೈಗೆ ಹದ ಬರುತ್ತಿದೆ ಅನ್ನುವಾಗಲೇ ಹದಿನೈದು ದಿನ ತಪ್ಪಿಹೋಗುತ್ತದೆ, ಮತ್ತೆ ಸಾಣೆಕಲ್ಲಿನಿಂದಲೇ ಶುರು ಮಾಡಬೇಕಾಗುತ್ತದೆ.

ಸಾಣೆಕಲ್ಲಿನ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಬೇಕು. ಜೂನ್‌ನಲ್ಲಿ ಸೇರಿದ ಮಕ್ಕಳಿಗೆ ಮೊದಲ ಮೂರು ವಾರ ಕೆತ್ತನೆ ಇಲ್ಲ. ಉಳಿ ಮಸೆಯುವುದು ಮಾತ್ರ. ಈ ಸಲ ಸೇರಿದವರಲ್ಲಿ ಸಿದ್ದಾಪುರ ಕಡೆಯ ಒಬ್ಬ ಹುಡುಗಿ ಇದ್ದಾಳೆ. ಚಕ್ಕಳಮಕ್ಕಳ ಹಾಕಿ ಕಲ್ಲಿನ ಮುಂದೆ ಕೂತರೆ ಕರೆದರೂ ಏಳುವವಳಲ್ಲ. ಉಳಿ ಕಲ್ಲಿನ ಮೇಲೆ ಓಡುವಾಗ ಮಣಿಕಟ್ಟು ಒಂದಿಷ್ಟು ಅಲುಗಿದರೂ ಅದರ ಬಾಯಿ ದುಂಡಾಗಿಬಿಡುತ್ತದೆ. ಮೇಲೆ ಹೊಳಪು ಬಂದಿರುತ್ತದೆ, ಹರಿತ ಇರುವುದಿಲ್ಲ. ಪರೀಕ್ಷೆ ಇಷ್ಟೇ: ಉಳಿಯ ಬಾಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ತಾಗಿಸಬೇಕು. ಜಾರಿದರೆ ಮೊಂಡು, ಕಚ್ಚಿ ನಿಂತರೆ ಹರಿತ. "ಗುರುಗಳೇ, ಈಗ ಆಯ್ತಾ?" ಎಂದು ಅವಳು ದಿನಕ್ಕೆ ಹತ್ತು ಸಲ ಕೇಳುತ್ತಿದ್ದಳು. "ನನ್ನನ್ನೇನು ಕೇಳ್ತೀಯೆ ಮಗಾ, ಉಗುರನ್ನ ಕೇಳು" ಎನ್ನುತ್ತಿದ್ದರು ಗುರುಗಳು. ಹತ್ತೊಂಬತ್ತನೇ ದಿನ ಉಳಿ ಉಗುರಿನ ಮೇಲೆ ನಿಂತಿತು. ಆಮೇಲೆ ಗುರುಗಳು ಶಿವನೆ ಮರದ ತುಂಡೊಂದನ್ನು ಕೊಟ್ಟು, ಎಳೆಗೆ ಅಡ್ಡವಾಗಿ ಒಂದು ಪದರ ತೆಗೆಯಲು ಹೇಳಿದರು. ಮೆತ್ತನೆಯ ಮರ, ಉಳಿ ಮೊಂಡಾಗಿದ್ದರೆ ಎಳೆಗಳು ನುಜ್ಜಾಗಿ ಬಿಳಿಚಿಕೊಳ್ಳುತ್ತವೆ. ಅವಳು ತೆಗೆದ ಜಾಗ ಎಣ್ಣೆ ಸವರಿದಂತೆ ಮಿನುಗಿತು. ಅಂದು ಮಧ್ಯಾಹ್ನ ಊಟಕ್ಕೆ ಕೂತಾಗ ಗೀರುಬಿದ್ದ ಹೆಬ್ಬೆರಳಿನ ಉಗುರನ್ನು ಸಾಲಿನವರಿಗೆಲ್ಲ ತೋರಿಸಿದ್ದಳು.

ಅವಳ ಅಜ್ಜಿಗೆ ಮೊದಲು ಇದು ಸರಿಬರಲಿಲ್ಲ. ಹೆಣ್ಣುಮಕ್ಕಳು ಬೆಂಡಿನ (ಹಗುರವಾದ ಬಿಳಿ ಗಿಡದ ತಿರುಳಿನ) ಕೆಲಸ ಮಾಡುತ್ತಾರೆ, ಮದುವೆಯ ಬಾಸಿಂಗ, ಹಾರ ಮಾಡುತ್ತಾರೆ, ಮರದ ಕೆಲಸ ಗಂಡಸರದು ಎಂಬ ಮಾತು ಈ ಕಡೆ ಹಳೆಯದು. ಬೆಂಡನ್ನು ಕಾಗದಕ್ಕಿಂತ ತೆಳ್ಳಗೆ ಸೀಳುವ ಕೈಗೆ ಉಳಿ ಯಾಕೆ ಒಲಿಯಬಾರದು? ಈಗ ನಮ್ಮಲ್ಲಿ ನಾಲ್ವರು ಹುಡುಗಿಯರಿದ್ದಾರೆ.

ಇನ್ನು ಮರದ ವಿಷಯ. ಕಡಿದ ಮರದೊಳಗಿನ ನೀರು ಹೊರಗೆ ಹೋಗಲು ಬಹಳ ಸಮಯ ಬೇಕು. ಗಾಳಿಯಲ್ಲಿ ಒಣಗಿಸುವುದಾದರೆ ಒಂದಿಂಚು ದಪ್ಪಕ್ಕೆ ಸುಮಾರು ಒಂದು ವರ್ಷ ಎಂಬುದು ಕಸುಬಿನವರ ಅಂದಾಜು. ಮೊದಮೊದಲು ಮರ ಹಗುರವಾಗುತ್ತದೆ ಅಷ್ಟೇ, ಕುಗ್ಗುವುದಿಲ್ಲ. ತೇವ ಸುಮಾರು ಶೇ 30ಕ್ಕಿಂತ ಕೆಳಗೆ ಇಳಿದ ಮೇಲೆ ಕುಗ್ಗಲು ಶುರುವಾಗುತ್ತದೆ. ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಎಲ್ಲವೂ ಅಡ್ಡಕ್ಕೆ. ಅದರಲ್ಲೂ ಮರದ ಬೆಳವಣಿಗೆಯ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಸುಮಾರು ಎರಡರಷ್ಟು. ಹಲಗೆ ಸೊಟ್ಟಗಾಗುವುದು ಈ ಎಳೆದಾಟದಲ್ಲೇ. ನಮ್ಮ ಬಾಗಿಲಿನಲ್ಲಿ ಆದದ್ದೂ ಇಂಥದೇ. ಎರಡಿಂಚಿನ ಹಲಗೆ, ಹೊಟ್ಟೆಯೊಳಗೆ ಇನ್ನೂ ಹಸಿ. ಬೆಂಗಳೂರಿನ ಮಾರ್ಚ್ ತಿಂಗಳ ಒಣಗಾಳಿಗೆ ಮೇಲ್ಮೈ ಬೇಗ ಕುಗ್ಗಿತು, ಒಳಗು ಕುಗ್ಗಲಿಲ್ಲ. ಮೇಲಿನ ಪದರ ಹರಿಯದೆ ಗತ್ಯಂತರವಿರಲಿಲ್ಲ.

ಒಳ್ಳೆಯ ಒಣಗುಶೆಡ್ಡಿಗೆ ದೊಡ್ಡ ತಂತ್ರಜ್ಞಾನ ಬೇಡ. ನೆಲದಿಂದ ಎರಡಡಿ ಎತ್ತರದ ಜಗಲಿ, ಬಿಸಿಲು ಮಳೆ ಒಳಗೆ ಬಾರದಂತೆ ಮುಂದಕ್ಕೆ ಚಾಚಿದ ಮಾಡು, ಗೋಡೆಯ ಜಾಗದಲ್ಲಿ ಗಾಳಿಯಾಡುವ ಪಟ್ಟಿಗಳು. ಹಲಗೆ ಹಲಗೆಯ ನಡುವೆ ಒಂದಿಂಚಿನ ರೀಪು ಇಟ್ಟು ಪೇರಿಸಬೇಕು. ಮರದ ತುದಿಗಳಿಂದ ನೀರು ಬೇಗ ಹೋಗಿ ಸೀಳು ಬಿಡುತ್ತದೆಂದು ಹಿರಿಯರು ಅಲ್ಲಿ ಸಗಣಿ ಮಣ್ಣು ಮೆತ್ತುತ್ತಿದ್ದರು. ನಾವು ಮೇಣ ಬಳಿಯುತ್ತೇವೆ. ಸದ್ಯಕ್ಕೆ ನಮ್ಮ ಮರ ಇರುವುದು ಟಾರ್ಪಾಲಿನ ಕೆಳಗೆ. ಆಗಸ್ಟ್‌ನಲ್ಲಿ ಅದನ್ನು ಎತ್ತಿದರೆ ಬೂಷ್ಟು ಹಿಡಿದ ವಾಸನೆ ಮೂಗಿಗೆ ಬಡಿಯುತ್ತದೆ, ಅಡಿಯ ಸಾಲಿಗೆ ಒರಲೆ. ಹೀಗಾಗಿ ಒಂದೋ ಒಣ ಮರವನ್ನು ದುಬಾರಿ ಬೆಲೆಗೆ ಕೊಳ್ಳಬೇಕು, ಇಲ್ಲವೇ ಮಾರುವವರ ಮಾತು ನಂಬಬೇಕು. ಸ್ವಂತ ಶೆಡ್ಡಿದ್ದರೆ ಹಸಿ ಮರವನ್ನೇ ತಂದು, ದಿನಾಂಕ ಬರೆದು, ಎರಡು ವರ್ಷ ಕಾಯಬಹುದು. ಇಂದು ಸೇರುವ ಮಗು ತಾನೇ ಪೇರಿಸಿದ ಹಲಗೆಯಲ್ಲಿ ತನ್ನ ಕೊನೆಯ ಕೆಲಸ ಮಾಡಿ ಹೋಗಬಹುದು.

"ಈಗ ಮಷಿನ್ನೇ ಎಲ್ಲ ಕೆತ್ತುತ್ತದಲ್ಲ" ಎಂಬ ಮಾತು ವಾರಕ್ಕೊಮ್ಮೆಯಾದರೂ ನಮ್ಮ ಕಿವಿಗೆ ಬೀಳುತ್ತದೆ. ಕಂಪ್ಯೂಟರ್ ಹೇಳಿದಂತೆ ಕೆತ್ತುವ ಸಿಎನ್‌ಸಿ ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಆದರೆ ಮೇಲಿಂದ ಇಳಿಯುವ ಅದರ ತಿರುಗುವ ಅಲಗು ಒಳಮೂಲೆಯನ್ನು ಚೂಪಾಗಿ ಬಿಡಿಸಲಾರದು, ಗಿಳಿಯ ರೆಕ್ಕೆಯ ಅಡಿಗೆ ಹೊಕ್ಕು ಮರ ತೆಗೆಯಲಾರದು. ಗಂಟು ಬಂದರೆ, ಎಳೆ ತಿರುಗಿದರೆ ಅದಕ್ಕೆ ಗೊತ್ತಾಗುವುದಿಲ್ಲ. ಕಲಿತ ಕೈ ಅಲ್ಲಿ ನಿಂತು ಉಳಿಯ ದಿಕ್ಕು ಬದಲಿಸುತ್ತದೆ. ಜೋಡಣೆಯ ಕೆಲಸವೂ ಹಾಗೆಯೇ. ನಮ್ಮ ಮಕ್ಕಳು ಮೊಳೆ ಇಲ್ಲದೆ ಒಂದು ಮಣೆ, ಪುಸ್ತಕ ಇಟ್ಟು ಓದುವ ಒಂದು ವ್ಯಾಸಪೀಠ, ಒಂದು ಕುರ್ಚಿ ಮಾಡಿ ತೋರಿಸಬೇಕು. ಒಂದು ಮರದಲ್ಲಿ ತೂತು, ಇನ್ನೊಂದರಲ್ಲಿ ಅದಕ್ಕೆ ಸರಿಯಾಗಿ ಕೂರುವ ನಾಲಗೆ. ಕೊಡತಿಯ ಎರಡೇ ಪೆಟ್ಟಿಗೆ ಕೂತು, ಎತ್ತಿ ಅಲ್ಲಾಡಿಸಿದರೂ ಬಿಡಬಾರದು. ಶ್ರೀಗಂಧ ಕೈಗೆ ಬರುವುದು ಎರಡನೇ ವರ್ಷದ ಕೊನೆಗೆ, ಅದೂ ಬೆರಳುದ್ದದ ತುಂಡು. ಕೆಜಿ ಲೆಕ್ಕದಲ್ಲಿ ತೂಗಿ ಮಾರುವ ಮರವನ್ನು ಕಲಿಕೆಗೆ ಹಾಳು ಮಾಡಲಾಗದು.

1897ರಲ್ಲಿ ಮೈಸೂರಿನ ಹಳೆಯ ಅರಮನೆ ಸುಟ್ಟಮೇಲೆ ಹೊಸತು ಎದ್ದು 1912ಕ್ಕೆ ಮುಗಿಯಿತು. ಬೀಟೆ ಮರದ ಆ ಬಾಗಿಲುಗಳು, ದಂತ ಕೂರಿಸಿದ ಚಿತ್ತಾರ, ಸಾಗುವಾನಿಯ ಕೆತ್ತನೆ ಮಾಡಿದವರ ಊಟದ ಖರ್ಚನ್ನು ಅರಸೊತ್ತಿಗೆ ಹೊತ್ತಿತ್ತು. ಈಗ ಸರ್ಕಾರದ ನೆರವು ಇಲ್ಲವೆಂದಲ್ಲ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿಯೂ ಶಿಲ್ಪಿಯೂ ಸೇರಿದ್ದಾರೆ. ಉಪಕರಣಕ್ಕೆಂದು ₹15,000 ಸಿಗುತ್ತದೆ. ಆದರೆ ಅದು ಈಗಾಗಲೇ ಕಸುಬಿನಲ್ಲಿ ಇರುವವರಿಗೆ. ನಮ್ಮಿಂದ ಹೊರಟ ಮೇಲೆ ಮಕ್ಕಳು ಅದಕ್ಕೆ ಅರ್ಜಿ ಹಾಕಬಹುದು. ಅದಕ್ಕೆ ಹಿಂದಿನ ಎರಡು ವರ್ಷ, ಒಂದು ರೂಪಾಯಿ ದುಡಿಮೆ ಇಲ್ಲದ ಆ ಎರಡು ವರ್ಷವೇ ಕಷ್ಟ. ಶಿಕಾರಿಪುರ ಕಡೆಯ ಒಬ್ಬ ಹುಡುಗನ ತಾಯಿ ಫೋನ್ ಮಾಡಿದ್ದರು: "ಮಾಸ್ತರೇ, ಟೈಲ್ಸ್ ಕೆಲಸಕ್ಕೆ ಹೋದ್ರೆ ನಾಳೆಯಿಂದ್ಲೇ ದುಡ್ಡು ಕೊಡ್ತಾರಂತೆ. ನಾನು ಏನ್ ಹೇಳ್ಲಿ ಅವನಿಗೆ?" ನಮ್ಮಲ್ಲಿ ಉತ್ತರ ಇರಲಿಲ್ಲ. ಆ ಹುಡುಗ ಹೋದ. ಬಳ್ಳಿಯ ಸುರುಳಿಯನ್ನು ಗೆರೆ ಎಳೆಯದೆ ನೇರ ಮರದ ಮೇಲೆ ತೆಗೆಯುತ್ತಿದ್ದ ಹುಡುಗ ಅವನು.

ಅಂಥ ಇನ್ನೊಬ್ಬರು ಹೋಗಬಾರದೆಂದು ಈ ವರ್ಷದಿಂದ ಪ್ರತಿ ಮಗುವಿಗೆ ತಿಂಗಳಿಗೆ ₹1,000 ಕೈಖರ್ಚು ಕೊಡಲು ನಿರ್ಧರಿಸಿದ್ದೇವೆ. ಒಂದು ಮಗುವಿನ ಊಟ ತಿಂಡಿಗೆ ತಿಂಗಳಿಗೆ ₹3,200 ಆಗುತ್ತದೆ. ಒಟ್ಟು ₹4,200. ಒಂದು ಜೊತೆ ಉಳಿ, ಕೊಡತಿ, ತೋಪಡ, ಗರಗಸ, ಮೂಲೆಮಟ್ಟ ಸೇರಿ ₹9,500. ಉಳಿಗಳನ್ನು ಊರಿನ ಕಮ್ಮಾರರೇ ಹಳೆಯ ಅರ, ಲಾರಿಯ ಸ್ಪ್ರಿಂಗ್ ಪಟ್ಟಿ ಕಾಯಿಸಿ, ಹದ ಕೊಟ್ಟು ಮಾಡುತ್ತಾರೆ. ಕಲಿತು ಹೋಗುವಾಗ ಮಗು ತನ್ನ ಉಳಿಗಳನ್ನು ತನ್ನೊಂದಿಗೇ ಒಯ್ಯುತ್ತದೆ. ನಲವತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಒಣಗುಶೆಡ್ಡಿಗೆ ₹6,80,000 ಅಂದಾಜಾಗಿದೆ. ₹1,90,000 ಕೂಡಿದೆ. ಇನ್ನು ₹4,90,000 ಬೇಕು. ಮಳೆ ಹಿಡಿಯುವ ಮೊದಲು ಮಾಡು ಹೊದಿಸಬೇಕೆಂಬುದು ನಮ್ಮ ಆಸೆ. ಗುರುಗಳ ಸಂಭಾವನೆಯನ್ನು ಶಾಲೆಗೆ ಬರುವ ಕೆಲಸದ ಆದಾಯದಿಂದಲೇ ಕೊಡುತ್ತೇವೆ, ಅದಕ್ಕಾಗಿ ದೇಣಿಗೆಯನ್ನು ಮುಟ್ಟುವುದಿಲ್ಲ.

ಹಣವೇ ಆಗಬೇಕೆಂದಿಲ್ಲ. ಹಳೆಯ ಮನೆ ಕೆಡವುತ್ತಿದ್ದರೆ ತೊಲೆ, ಜಂತಿ, ಕಂಬ, ದಾರಂದಗಳನ್ನು ಸೌದೆಗೆ ಹಾಕುವ ಮೊದಲು ನಮಗೊಂದು ಮಾತು ತಿಳಿಸಿ. ಅಜ್ಜನ ಕಾಲದ ಹಲಸಿನ ತೊಲೆಗಿಂತ ಚೆನ್ನಾಗಿ ಒಣಗಿದ ಮರ ಯಾವ ಡಿಪೋದಲ್ಲೂ ಸಿಗದು. ಮೊಳೆ ಇದ್ದರೆ ಇರಲಿ, ಮಕ್ಕಳು ಕೀಳುತ್ತಾರೆ. ಲಾರಿ ನಾವೇ ತರುತ್ತೇವೆ. ತೋಟದಲ್ಲಿ ಬಿದ್ದ ಮರ ಕೊಡುವವರು ಅರಣ್ಯ ಇಲಾಖೆಯ ಅನುಮತಿ ಕಾಗದದೊಂದಿಗೆ ಕೊಟ್ಟರೆ ಇಬ್ಬರಿಗೂ ಕ್ಷೇಮ. ಅಪ್ಪನೋ ಮಾವನೋ ಬಳಸಿ ಅಟ್ಟದ ಮೇಲೆ ಇಟ್ಟ ಬಾಚಿ, ಬೈರಿಗೆ, ಉಳಿ ಇದ್ದರೆ ಅವನ್ನೂ ಕೊಡಿ. ತುಕ್ಕು ಹಿಡಿದಿದ್ದರೂ ಹಳೆಯ ಉಕ್ಕಿಗೆ ಹದ ಉಳಿದಿರುತ್ತದೆ.

ಹಣ ಕಳಿಸುವವರು ದಯವಿಟ್ಟು ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕಳಿಸಿ. ಖಾತೆಯ ವಿವರ ಈ ಮನವಿಯ ಜೊತೆಗಿದೆ. ನಗದಾಗಿ ಕೊಟ್ಟ ₹2,000ಕ್ಕಿಂತ ಹೆಚ್ಚಿನ ದೇಣಿಗೆಗೆ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹೊರದೇಶದಲ್ಲಿರುವ ಕನ್ನಡಿಗರಲ್ಲಿ ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕೊಡಬಹುದು. ಬೇರೆ ದೇಶದ ಪೌರತ್ವ ಪಡೆದವರಿಂದ ನಾವು ಸದ್ಯಕ್ಕೆ ಹಣ ಪಡೆಯುವಂತಿಲ್ಲ, ವಿದೇಶಿ ದೇಣಿಗೆ ಪಡೆಯಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮಗಿಲ್ಲ. ಅಂಥವರು ಊರಿನಲ್ಲಿರುವ ತಮ್ಮ ಹಳೆಯ ಮನೆಯ ತೊಲೆಗಳನ್ನು ನೆನಪಿಸಿಕೊಂಡರೆ ಅದೇ ದೊಡ್ಡ ಉಪಕಾರ. ಕೊಟ್ಟ ಪ್ರತಿಯೊಬ್ಬರಿಗೂ ರಸೀದಿ ಬರುತ್ತದೆ, ವರ್ಷಕ್ಕೊಮ್ಮೆ ಖರ್ಚಿನ ಲೆಕ್ಕವೂ ಬರುತ್ತದೆ.

ಸಾಧ್ಯವಾದರೆ ಒಮ್ಮೆ ಬನ್ನಿ. ಮಧ್ಯಾಹ್ನದ ಊಟ ಮಕ್ಕಳ ಸಾಲಿನಲ್ಲೇ ಆಗಲಿ. ಒಡೆದ ಬಾಗಿಲನ್ನೂ ನೋಡಿ. ಬಿರುಕಿನ ಪಕ್ಕದಲ್ಲಿ ಮಕ್ಕಳು ತಿಂಗಳಿಗೊಮ್ಮೆ ಅದರ ಅಗಲ ಅಳೆದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದಾರೆ. ಮೇ ತಿಂಗಳಲ್ಲಿ 3 ಮಿ.ಮೀ. ಇದ್ದದ್ದು ಆಗಸ್ಟ್‌ಗೆ 1 ಮಿ.ಮೀ.ಗೆ ಇಳಿದಿತ್ತು. ಈ ಬೇಸಿಗೆಗೆ ಮತ್ತೆ ತೆರೆದುಕೊಂಡಿದೆ.

ಇತಿ ನಿಮ್ಮ,
ಶಾಲೆಯ ಟ್ರಸ್ಟಿಗಳು, ಗುರುಗಳು ಮತ್ತು ಹದಿನೆಂಟು ಮಕ್ಕಳು