ಅಸಲಿ ಹೈ-ಪವರೋ, ಟರ್ಕಿಯ ನಕಲೋ?

ಮಾನ್ಯ ಸಂಪಾದಕರೇ,

ಹಳೆಯ ಬ್ರೌನಿಂಗ್ ಹೈ-ಪವರ್ ಪಿಸ್ತೂಲನ್ನೇ ಕೊಳ್ಳಬೇಕೋ, ಟರ್ಕಿಯ ಗಿರ್ಸಾನ್ ತಯಾರಿಸುವ ಅಗ್ಗದ ನಕಲು ಸಾಕೋ ಎಂಬ ಚರ್ಚೆ ಅಮೆರಿಕದಲ್ಲಿ ನೆಲೆಸಿ ಗುರಿ ಹೊಡೆಯುವ ಹವ್ಯಾಸ ಹಚ್ಚಿಕೊಂಡ ನಮ್ಮಂಥ ಕನ್ನಡಿಗರ ನಡುವೆಯೂ ಇದೆ. (ಈ ಪಿಸ್ತೂಲಿನ 9 ಎಂ.ಎಂ. ಗುಂಡಿನ ಅಳತೆ ಭಾರತದಲ್ಲಿ ‘ನಿಷೇಧಿತ ಬೋರ್’ (ಸಾಮಾನ್ಯ ನಾಗರಿಕರಿಗೆ ಕೊಡದ ಅಳತೆ) ಆಗಿರುವುದರಿಂದ ಅಲ್ಲಿನ ಸಾಮಾನ್ಯ ಪರವಾನಗಿದಾರರಿಗೆ ಈ ಗೊಂದಲವೇ ಇಲ್ಲ.)

ಅಮೆರಿಕದ ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ಆರಂಭಿಸಿ, 1926ರಲ್ಲಿ ಅವರು ತೀರಿಕೊಂಡ ಮೇಲೆ ಬೆಲ್ಜಿಯಂನ ಎಫ್‌ಎನ್ ಶಸ್ತ್ರಾಸ್ತ್ರ ಕಾರ್ಖಾನೆಯ ವಿನ್ಯಾಸಕ ಡಿಯುಡೊನೆ ಸೇವ್ ಪೂರ್ಣಗೊಳಿಸಿದ ಈ ವಿನ್ಯಾಸ 1935ರಲ್ಲಿ ಬಳಕೆಗೆ ಬಂತು. ಅಸಲಿ ಎಂದ ಮಾತ್ರಕ್ಕೆ ಎಲ್ಲವೂ ಅಪರಂಜಿಯಲ್ಲ. ಜರ್ಮನರು ಕಾರ್ಖಾನೆಯನ್ನು ವಶಪಡಿಸಿಕೊಂಡಿದ್ದ ಎರಡನೇ ಮಹಾಯುದ್ಧದ ಕೊನೆಯ ವರ್ಷಗಳ ಪಿಸ್ತೂಲುಗಳಲ್ಲಿ ಉಪಕರಣದ ಗೀರುಗಳು ಬರಿಗಣ್ಣಿಗೇ ಕಾಣುತ್ತವೆ. ಮ್ಯಾಗಜಿನ್ (ಗುಂಡು ತುಂಬುವ ಡಬ್ಬಿ) ತೆಗೆದಾಗ ಗುಂಡು ಹಾರದಂತೆ ತಡೆಯುವ ಪುಟ್ಟ ಸಾಧನವು ಮ್ಯಾಗಜಿನ್‌ಗೆ ಉಜ್ಜುವುದರಿಂದ ಟ್ರಿಗರ್ ಎಳೆತ ಒರಟಾಗುತ್ತದೆ. ಹೆಬ್ಬೆರಳ ಬುಡದ ಚರ್ಮವನ್ನು ಪಿಸ್ತೂಲಿನ ಹಿಂಬದಿಯ ಹ್ಯಾಮರ್ (ಬಡಿಗೆ) ಕಚ್ಚುವುದೂ ಉಂಟು.

ಇನ್ನು ನಕಲೆಂದು ಮೂಗು ಮುರಿಯುವವರು, ಭಾರತದ ಸೇನೆಗಾಗಿ ಪಶ್ಚಿಮ ಬಂಗಾಳದ ಈಶಾಪುರದ ರೈಫಲ್ ಕಾರ್ಖಾನೆ ತಯಾರಿಸಿದ್ದೂ ಇದೇ ವಿನ್ಯಾಸವನ್ನು ಎಂಬುದನ್ನು ಗಮನಿಸಲಿ. ಆದರೆ ಅದು ತಯಾರಿಕೆಯ ಪರವಾನಗಿ, ನಕ್ಷೆಗಳ ವ್ಯವಹಾರವೇ ಬೇರೆಯಾದ ಸರ್ಕಾರಿ ಕೆಲಸ ಎನ್ನುವುದೂ ಸರಿಯೇ.

ವಾರವಾರವೂ ನೂರಾರು ಗುಂಡು ಹಾರಿಸುವವರು ಟರ್ಕಿಯದನ್ನು ಕೊಳ್ಳುವುದೇ ಲೇಸು, ಏಕೆಂದರೆ ಸವೆದರೂ ಗೀರಾದರೂ ಸಂಕಟವಿಲ್ಲ. ಚರಿತ್ರೆಗಾಗಿ ಹಣ ಕೊಡುವವರು ಅಸಲಿಯನ್ನೇ ಕೊಳ್ಳಲಿ. ಫ್ರೇಮ್ (ಹಿಡಿಯಿರುವ ಚೌಕಟ್ಟು), ಸ್ಲೈಡ್ (ಮೇಲಿನ ಜಾರುವ ಭಾಗ), ಬ್ಯಾರಲ್ (ನಳಿಕೆ) ಇವುಗಳ ಮೇಲೆ ಕೆತ್ತಿದ ಕ್ರಮಸಂಖ್ಯೆಗಳು ಹೊಂದುತ್ತವೆಯೇ ಎಂದು ನೋಡಲಿ. ಉಕ್ಕಿನ ಮೇಲಿನ ನೀಲಿ ಲೇಪ ಮಾಸಿದ್ದರೂ ಹೊಸದಾಗಿ ಲೇಪ ಹಾಕಿಸಬಾರದು, ಸಂಗ್ರಾಹಕರು ಕೊಡುವ ಬೆಲೆ ಅಲ್ಲಿಗೇ ಕುಸಿಯುತ್ತದೆ.

– ಓರ್ವ ಓದುಗ, ಟೆಕ್ಸಾಸ್