ದುಡ್ಡಿದ್ದವರೆಲ್ಲ ದೊಡ್ಡಣ್ಣ ಆಗಲ್ಲ ಕಣೋ

ಗೆಳೆಯಾ,

ನೀನು ಕಳಿಸಿದ ಜಿಡಿಪಿ ಗ್ರಾಫ್, ಅಂದರೆ ದೇಶಗಳ ಒಟ್ಟು ಉತ್ಪನ್ನದ ಗ್ರಾಫ್ ನೋಡಿದೆ. ಚೀನಾದ ಗೆರೆ ಅಮೆರಿಕದ ಗೆರೆಯನ್ನು ದಾಟಿ ಮೇಲೆ ಹೋಗಿದೆ. ಅದರ ಕೆಳಗೆ ‘ಇನ್ನು ಮುಂದೆ ಚೀನಾದ್ದೇ ದರ್ಬಾರು’ ಅಂತ ನಿನ್ನ ಷರಾ ಬೇರೆ. ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳಿದರೆ ಬಿಡುವ ಪೈಕಿ ನೀನಲ್ಲ. ಅದಕ್ಕೇ ಈ ಉದ್ದ ಪತ್ರ.

ಮೊದಲು ಆ ಗ್ರಾಫ್ ವಿಷಯ. ಅದು ಕೊಳ್ಳುವ ಶಕ್ತಿಯ ಲೆಕ್ಕ. ಆಯಾ ದೇಶದ ಬೆಲೆಗಳಿಗೆ ಹೊಂದಿಸಿ ಮಾಡಿದ್ದು. ಆ ಲೆಕ್ಕದಲ್ಲಿ ಚೀನಾ ಮುಂದೆ ಹೋಗಿ ಆಗಲೇ ಸುಮಾರು ಹತ್ತು ವರ್ಷ ಆಯಿತು. ಜನರ ಬದುಕು ಹೇಗಿದೆ ಅಂತ ತಿಳಿಯೋಕೆ ಅದು ಒಳ್ಳೆಯ ಅಳತೆ. ಆದರೆ ಹೊರಗಿನಿಂದ ತೈಲವನ್ನೋ ಚಿಪ್ ತಯಾರಿಸುವ ಯಂತ್ರವನ್ನೋ ಕೊಳ್ಳುವಾಗ ಮಾರುಕಟ್ಟೆ ದರದಲ್ಲೇ ದುಡ್ಡು ಎಣಿಸಬೇಕು. ಆ ದರದಲ್ಲಿ 2021ರಲ್ಲಿ ಚೀನಾದ ಜಿಡಿಪಿ ಅಮೆರಿಕದ ಮುಕ್ಕಾಲು ಭಾಗದಷ್ಟಿತ್ತು. 2024ರ ಹೊತ್ತಿಗೆ ಮೂರರಲ್ಲಿ ಎರಡು ಭಾಗಕ್ಕಿಂತ ತುಸು ಕೆಳಗೆ ಇಳಿದಿತ್ತು. ಚೀನಾದ ಹಣ ಯುವಾನ್ ಬೆಲೆ ಬಿದ್ದದ್ದು, ಹಣದುಬ್ಬರದಿಂದ ಅಮೆರಿಕದ ಜಿಡಿಪಿ ಅಂಕಿ ಉಬ್ಬಿದ್ದು ಇದಕ್ಕೆ ಒಂದು ಕಾರಣ. ಎವರ್‌ಗ್ರಾಂಡ್‌ನಂಥ ಮನೆ ಕಟ್ಟಿ ಮಾರುವ ದೈತ್ಯ ಕಂಪನಿ ಮುಳುಗಿ ಅಲ್ಲಿನ ರಿಯಲ್ ಎಸ್ಟೇಟ್ ನೆಲ ಕಚ್ಚಿದ್ದು ಇನ್ನೊಂದು. 2022ರಿಂದ ಅಲ್ಲಿನ ಜನಸಂಖ್ಯೆಯೂ ಇಳಿಯುತ್ತಿದೆ.

ಆದರೆ ನನ್ನ ತಕರಾರು ಗಾತ್ರದ ಬಗ್ಗೆ ಅಲ್ಲವೇ ಅಲ್ಲ. ನಾಳೆಯೇ ಚೀನಾ ಎಲ್ಲ ಲೆಕ್ಕದಲ್ಲೂ ಮುಂದೆ ಹೋಯಿತು ಅಂತಿಟ್ಟುಕೋ. ಆಮೇಲೇನು?

ಅಮೆರಿಕದ ಕಥೆಯನ್ನೇ ನೋಡು. 19ನೇ ಶತಮಾನ ಮುಗಿಯುವ ಮೊದಲೇ ಅದು ಬ್ರಿಟನ್ನಿಗಿಂತ ದೊಡ್ಡ ಆರ್ಥಿಕತೆ ಆಗಿತ್ತು. ಆದರೂ ಯಜಮಾನಿಕೆ ಲಂಡನ್ನಿನಲ್ಲೇ ಇತ್ತು. ನ್ಯೂಯಾರ್ಕಿನ ವ್ಯಾಪಾರಿ ಬ್ರೆಜಿಲ್‌ನಿಂದ ಕಾಫಿ ತರಿಸಿದರೆ ಹಡಗು ಲಂಡನ್ ಕಡೆ ತಲೆ ಹಾಕಬೇಕಿರಲಿಲ್ಲ. ದುಡ್ಡಿನ ಕಾಗದಪತ್ರ ಮಾತ್ರ ಲಂಡನ್ ಬ್ಯಾಂಕಿಗೆ ಹೋಗಿ ಪೌಂಡಿನಲ್ಲಿ ಚುಕ್ತಾ ಆಗುತ್ತಿತ್ತು. ಅಮೆರಿಕಕ್ಕೆ ಆಗ ಕೇಂದ್ರ ಬ್ಯಾಂಕೇ ಇರಲಿಲ್ಲ. ಅದನ್ನು ಕಟ್ಟಿದ ಫೆಡರಲ್ ರಿಸರ್ವ್ ಕಾಯ್ದೆ ಬಂದದ್ದು 1913ರಲ್ಲಿ. ಅಲ್ಲಿಯವರೆಗೆ ಅಲ್ಲಿನ ನ್ಯಾಷನಲ್ ಬ್ಯಾಂಕುಗಳು ಹೊರದೇಶದಲ್ಲಿ ಒಂದು ಶಾಖೆ ತೆರೆಯೋಕೂ ಕಾನೂನಿನ ಅಡ್ಡಿ ಇತ್ತು. ಆಮೇಲೂ ಎರಡು ಮಹಾಯುದ್ಧ ನಡೆದು, ಸಾಲ ಕೊಡುತ್ತಿದ್ದ ಬ್ರಿಟನ್ ಸಾಲಕ್ಕೆ ಕೈಚಾಚಿ ನಿಲ್ಲಬೇಕಾಯಿತು. 1946ರಲ್ಲಿ ಅದು ಅಮೆರಿಕದಿಂದ ತಂದ 375 ಕೋಟಿ ಡಾಲರ್ ಸಾಲದ ಕೊನೆಯ ಕಂತು ತೀರಿದ್ದು 2006ರ ಡಿಸೆಂಬರ್‌ನಲ್ಲಿ, ಗೊತ್ತಾ!

ಯಜಮಾನಿಕೆ ಕೈ ಬದಲಾಯಿಸಿದ್ದು ನಿಚ್ಚಳವಾಗಿ ಕಂಡದ್ದು 1956ರಲ್ಲಿ. ಜುಲೈ 26ರಂದು ಈಜಿಪ್ಟಿನ ಅಧ್ಯಕ್ಷ ನಾಸೆರ್, ಬ್ರಿಟನ್ ಮತ್ತು ಫ್ರಾನ್ಸ್ ಹಿಡಿತದಲ್ಲಿದ್ದ ಸುಯೆಜ್ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಬ್ರಿಟನ್, ಫ್ರಾನ್ಸ್, ಇಸ್ರೇಲ್ ಒಳಗೊಳಗೇ ಮಾತಾಡಿಕೊಂಡು ಅಕ್ಟೋಬರ್ ಕೊನೆಗೆ ದಾಳಿ ಶುರು ಮಾಡಿದವು. ರಣರಂಗದಲ್ಲಿ ಬ್ರಿಟನ್ ಸೋಲುತ್ತಿರಲಿಲ್ಲ. ಪೆಟ್ಟು ಬಿದ್ದದ್ದು ಖಜಾನೆಗೆ. ಮಾರುಕಟ್ಟೆಯಲ್ಲಿ ಪೌಂಡ್ ಮಾರುವವರು ಜಾಸ್ತಿಯಾಗಿ, ಅದನ್ನು ಹಿಡಿದು ನಿಲ್ಲಿಸೋಕೆ ಇಟ್ಟಿದ್ದ ಡಾಲರ್ ಕರಗತೊಡಗಿತು. ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) ದುಡ್ಡು ತರೋಣ ಅಂದರೆ ಅಮೆರಿಕದ ಒಪ್ಪಿಗೆ ಬೇಕು. ಅಧ್ಯಕ್ಷ ಐಸೆನ್‌ಹೋವರ್ ಒಪ್ಪಲಿಲ್ಲ. ಮೊದಲು ಯುದ್ಧ ನಿಲ್ಲಿಸಿ, ಸೈನ್ಯ ವಾಪಸ್ ಕರೆಸಿಕೊಳ್ಳಿ, ದುಡ್ಡಿನ ಮಾತು ಆಮೇಲೆ ಅನ್ನುವ ಧೋರಣೆ ಅವರದು. ಬ್ರಿಟಿಷ್ ಪಡೆ ಸಮುದ್ರದಿಂದ ದಡಕ್ಕೆ ಇಳಿದ ನವೆಂಬರ್ 6ರಂದೇ ಪ್ರಧಾನಿ ಈಡನ್ ಕದನವಿರಾಮಕ್ಕೆ ಒಪ್ಪಿದರು. ಡಿಸೆಂಬರ್‌ನಲ್ಲಿ ಸೈನ್ಯ ಈಜಿಪ್ಟ್ ಬಿಟ್ಟಿತು, ಐಎಂಎಫ್ ದುಡ್ಡೂ ಬಂತು. ಜನವರಿಯಲ್ಲಿ ಈಡನ್ ಕುರ್ಚಿ ಹೋಯಿತು. ಒಂದೇ ಒಂದು ಗುಂಡು ಹಾರಿಸದೆ, ತನ್ನ ಆಪ್ತ ಮಿತ್ರನನ್ನೇ ಅಮೆರಿಕ ಹೀಗೆ ಮಣಿಸಿತು. ದೊಡ್ಡಣ್ಣ ಅಂದರೆ ಇದು ಕಣೋ.

ಚೀನಾಕ್ಕೆ ಈ ತಾಕತ್ತು ಬರುತ್ತದಾ? ಪೌಂಡ್ ಬೀಳುವಾಗ ಬ್ರಿಟನ್ ಡಾಲರ್ ಹುಡುಕಿಕೊಂಡು ಹೋಯಿತು. ಹಾಗೆ ಯುವಾನ್ ಹುಡುಕಿಕೊಂಡು ಹೋಗುವ ಸ್ಥಿತಿ ಇವತ್ತು ಎಷ್ಟು ದೇಶಕ್ಕಿದೆ? ಕೇಂದ್ರ ಬ್ಯಾಂಕುಗಳು ಕೂಡಿಟ್ಟ ವಿದೇಶಿ ವಿನಿಮಯದಲ್ಲಿ ಡಾಲರ್ ಪಾಲು ಸುಮಾರು ಶೇ 57. ಯುವಾನ್ ಪಾಲು ಶೇ 2ರ ಆಸುಪಾಸು. ಜಗತ್ತಿನ ಸರಕು ತಯಾರಿಕೆಯಲ್ಲಿ ಶೇ 30ರಷ್ಟನ್ನು ಹಿಡಿದಿರುವ ದೇಶದ ನೋಟಿಗೆ ಇಷ್ಟೇ ಗಿರಾಕಿ.

ಯಾಕೆ ಅಂದರೆ, ಕೂಡಿಟ್ಟ ದುಡ್ಡನ್ನು ಜನ ಭಾರಿ ಸಾಹುಕಾರ ಅಂತ ನೋಡಿ ಇಡಲ್ಲ. ಕೇಳಿದ ದಿನ ವಾಪಸ್ ಕೊಡುತ್ತಾನೆ ಅನ್ನುವವನ ಹತ್ತಿರ ಇಡುತ್ತಾರೆ. ಚೀನಾದಲ್ಲಿ ಸ್ವಂತ ಪ್ರಜೆಗೇ ಆ ಭರವಸೆ ಇಲ್ಲ. ಶಾಂಘೈನಲ್ಲಿ ಒಬ್ಬರು ಬೆವರು ಸುರಿಸಿ ಕೋಟಿಗಟ್ಟಲೆ ಯುವಾನ್ ದುಡಿದಿದ್ದಾರೆ ಅಂತಿಟ್ಟುಕೋ. ಅದನ್ನು ವಿದೇಶಿ ಹಣಕ್ಕೆ ಬದಲಾಯಿಸಬೇಕಾದರೆ ವರ್ಷಕ್ಕೆ 50,000 ಡಾಲರ್ ಮಿತಿ. ಮಕ್ಕಳ ಓದಿಗೋ ಪ್ರವಾಸಕ್ಕೋ ಆದರೆ ಸರಿ. ಹೊರಗೆ ಮನೆ ಕೊಳ್ಳೋಕೆ, ಷೇರು ಕೊಳ್ಳೋಕೆ ಅಂದರೆ ಆ ಮಿತಿಯೊಳಗೂ ಆಗಲ್ಲ.

ಈ ಬೀಗ ಬೀಜಿಂಗ್ ಸುಮ್ನೆ ಹಾಕಿದ್ದಲ್ಲ. 2014ರ ಮಧ್ಯದಲ್ಲಿ ಅದರ ವಿದೇಶಿ ವಿನಿಮಯ ಸಂಗ್ರಹ ನಾಲ್ಕು ಲಕ್ಷ ಕೋಟಿ ಡಾಲರ್ ಹತ್ತಿರ ಇತ್ತು. 2015ರ ಆಗಸ್ಟ್‌ನಲ್ಲಿ ಯುವಾನ್ ಬೆಲೆಯನ್ನು ತುಸು ಇಳಿಸಿದ್ದೇ ತಡ, ದುಡ್ಡು ಸಂದುಗೊಂದಿನಿಂದೆಲ್ಲ ಹೊರಗೆ ಓಡತೊಡಗಿತು. 2017ರ ಶುರುವಿಗೆ ಸಂಗ್ರಹ ಮೂರು ಲಕ್ಷ ಕೋಟಿಯ ಮಟ್ಟಕ್ಕೆ ಬಂದಿತ್ತು. ಮತ್ತೆ ಬಿಗಿ ಮಾಡಿದರು. ಬಾಗಿಲು ತೆಗೆದರೆ ದುಡ್ಡು ಓಡುತ್ತದೆ, ತೆಗೆಯದಿದ್ದರೆ ಹೊರಗಿನವರು ಬರಲ್ಲ. ದುಡ್ಡಿನ ಮೇಲೆ ಹಿಡಿತ ಸಡಿಲವಾದರೆ ಬ್ಯಾಂಕುಗಳ ಮೇಲೆ, ಅಲ್ಲಿಂದ ಮುಂದೆ ಇನ್ನೂ ಏನೇನರ ಮೇಲೆ ಹಿಡಿತ ಹೋಗುತ್ತದೋ ಅನ್ನುವ ಭಯ ಅಲ್ಲಿನ ಕಮ್ಯುನಿಸ್ಟ್ ಪಕ್ಷಕ್ಕಿದೆ. ನನ್ನ ಪ್ರಕಾರ ಅವರು ಹಿಡಿತವನ್ನೇ ಆರಿಸಿಕೊಳ್ಳುತ್ತಾರೆ.

ಇನ್ನೊಂದು ತೊಡಕಿದೆ. ಯುವಾನ್ ಜಗತ್ತಿನ ಕೈ ಸೇರಬೇಕಾದರೆ ಚೀನಾ ಅದನ್ನು ಹೊರಗೆ ಚೆಲ್ಲಬೇಕು. ಬೇರೆಯವರ ಸರಕು ಕೊಳ್ಳಬೇಕು, ಇಲ್ಲವೇ ಧಾರಾಳವಾಗಿ ಸಾಲ ಕೊಡಬೇಕು. ಬೇರೆ ದೇಶಗಳಲ್ಲಿ ರಸ್ತೆ, ಬಂದರು ಕಟ್ಟುವ ಬೆಲ್ಟ್ ಅಂಡ್ ರೋಡ್ ಯೋಜನೆಯ ಹೆಸರಲ್ಲಿ ಸಾಲವನ್ನೇನೋ ಕೊಟ್ಟಿತು, ಆದರೆ ಅದರಲ್ಲೂ ದೊಡ್ಡ ಪಾಲು ಡಾಲರ್‌ನಲ್ಲೇ! ಸರಕಿನ ವಿಷಯಕ್ಕೆ ಬಂದರೆ 2024ರಲ್ಲಿ ಅದು ಕೊಂಡದ್ದಕ್ಕಿಂತ ಸುಮಾರು ಒಂದು ಲಕ್ಷ ಕೋಟಿ ಡಾಲರ್‌ನಷ್ಟು ಜಾಸ್ತಿ ಮಾರಿದೆ. ಎಲ್ಲರಿಗೂ ಮಾರುತ್ತೇನೆ, ಯಾರಿಂದಲೂ ಜಾಸ್ತಿ ಕೊಳ್ಳಲ್ಲ ಅನ್ನುವವರ ಹಿಂದೆ ಬಳಗ ಕಟ್ಟಿಕೊಂಡು ಯಾರು ಹೋಗುತ್ತಾರೆ ಹೇಳು.

ಹಾಗಂತ ಚೀನಾವನ್ನು ಜಪಾನಿನ ಜತೆ ತಕ್ಕಡಿಗೆ ಹಾಕುವವರ ಮಾತೂ ನನಗೆ ಒಪ್ಪಿಗೆಯಿಲ್ಲ. 1995ರಲ್ಲಿ ಜಪಾನಿನ ಜಿಡಿಪಿ ಅಮೆರಿಕದ ಶೇ 70ರಷ್ಟಿತ್ತು, ಆಮೇಲೆ ಅದು ಹಿಂದೆ ಬಿತ್ತು, ಚೀನಾದ ಗತಿಯೂ ಅಷ್ಟೇ ಅನ್ನುತ್ತಾರಲ್ಲ, ಅವರು. ಜಪಾನಿನ ರಕ್ಷಣೆಯ ಹೊಣೆ ಅಮೆರಿಕದ ಕೈಯಲ್ಲಿತ್ತು, ಈಗಲೂ ಇದೆ. ಚೀನಾ ಹಾಗಲ್ಲ. 2025ರ ಏಪ್ರಿಲ್‌ನಲ್ಲಿ ಟ್ರಂಪ್ ಚೀನಾ ಸರಕಿನ ಮೇಲಿನ ಸುಂಕವನ್ನು ಏರಿಸುತ್ತಾ ಶೇ 145ಕ್ಕೆ ಒಯ್ದಾಗ ಏನಾಯಿತು ನೋಡು. ಬೀಜಿಂಗ್ ಏಳು ಬಗೆಯ ರೇರ್ ಅರ್ತ್ ಲೋಹಗಳ ರಫ್ತಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಕಾರಿನ ಮೋಟಾರಿಗೆ ಬೇಕಾದ ಪುಟ್ಟ ಮ್ಯಾಗ್ನೆಟ್ ಸಿಗದೆ ಮೇ, ಜೂನ್ ಹೊತ್ತಿಗೆ ಅಮೆರಿಕ, ಯುರೋಪಿನ ಕೆಲವು ಕಾರ್ಖಾನೆಗಳು ಕೆಲಸ ನಿಲ್ಲಿಸಿದವು. ಅಷ್ಟರಲ್ಲಿ, ಮೇ ತಿಂಗಳಲ್ಲೇ, ಸುಂಕ ಶೇ 30ಕ್ಕೆ ಇಳಿದಿತ್ತು. ಅಮೆರಿಕದ ಕೈಯನ್ನು ಹೀಗೆ ತಿರುಚುವ ಶಕ್ತಿ ಜಪಾನಿಗೆ ಯಾವತ್ತೂ ಇರಲಿಲ್ಲ.

ಆದರೆ ಇದು ತಡೆಯುವ ಶಕ್ತಿ, ನಡೆಸುವ ಶಕ್ತಿಯಲ್ಲ. ಅಷ್ಟೇ ನಾನು ಹೇಳೋದು. ಸೇನಾ ನೆಲೆಗಳದ್ದೂ ಇದೇ ಕಥೆ. ತನ್ನ ಕಡಲಲ್ಲಿ ಚೀನಾ ಭಾರಿ ಬಲಶಾಲಿ, ಹಡಗು ಕಟ್ಟುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ದೂರದಲ್ಲಿ ಅದು ಬಹಿರಂಗವಾಗಿ ಒಪ್ಪಿಕೊಂಡ ಪೂರ್ಣ ಪ್ರಮಾಣದ ನೆಲೆ ಅಂದರೆ 2017ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ತೆರೆದದ್ದೊಂದೇ.

ಇನ್ನು ಅಮೆರಿಕ ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡರೆ ಅಂತ ನೀನು ಕೇಳುತ್ತೀಯ, ಗೊತ್ತು. ಹಾಕಿಕೊಳ್ಳುತ್ತಿದೆ. 2022ರಲ್ಲಿ ಅದು ಮತ್ತು ಅದರ ಮಿತ್ರರು ರಷ್ಯಾದ ಸುಮಾರು 30 ಸಾವಿರ ಕೋಟಿ ಡಾಲರ್ ಮೌಲ್ಯದ ಸಂಗ್ರಹವನ್ನು ತಡೆಹಿಡಿದವು. ಆಮೇಲೆ ಮಿತ್ರರ ಮೇಲೂ ಸುಂಕ. ಇದರಿಂದ ಬೆಚ್ಚಿದ ಕೇಂದ್ರ ಬ್ಯಾಂಕುಗಳು ಏನು ಕೊಂಡವು ಅಂತ ಗಮನಿಸು. 2022, 2023, 2024, ಈ ಮೂರೂ ವರ್ಷ ಒಂದೊಂದು ಸಾವಿರ ಟನ್‌ಗಿಂತ ಜಾಸ್ತಿ ಚಿನ್ನ. ಡಾಲರ್ ಬಗ್ಗೆ ಅನುಮಾನ ಬಂದವರು ಯುವಾನ್ ಕಡೆ ಹೋಗಲಿಲ್ಲ, ಯಾರ ಸಹಿಯೂ ಬೇಡದ ಲೋಹದ ಕಡೆ ಹೋದರು. ದೊಡ್ಡಣ್ಣನ ಪಟ್ಟ ಖಾಲಿಯಾದರೂ ಅದರಲ್ಲಿ ಯಾರೂ ಕೂರದೇ ಇರಬಹುದು. ಎರಡು ಮಹಾಯುದ್ಧಗಳ ನಡುವಿನ ಇಪ್ಪತ್ತು ವರ್ಷ ಹಾಗೇ ಆಗಿತ್ತಲ್ಲ. ಬ್ರಿಟನ್ನಿಗೆ ಕೈಲಾಗುತ್ತಿರಲಿಲ್ಲ, ಅಮೆರಿಕಕ್ಕೆ ಮನಸ್ಸಿರಲಿಲ್ಲ. ನಿನ್ನ ಗ್ರಾಫ್‌ಗಿಂತ ನನಗೆ ಆ ಇಪ್ಪತ್ತು ವರ್ಷದ ಚಿಂತೆಯೇ ಜಾಸ್ತಿ.

ನೀನು ಒಪ್ಪಲ್ಲ ಅಂತ ಗೊತ್ತು, ಜಗಳಕ್ಕೆ ಬಾ. ಆದರೆ ಇನ್ನೊಂದು ಜಿಡಿಪಿ ಗೆರೆ ಕಳಿಸಬೇಡ ಮಾರಾಯ. ಚೀನಾ ಆ 50,000 ಡಾಲರ್ ಮಿತಿ ತೆಗೆದ ಸುದ್ದಿ ಬಂದರೆ ಮಾತ್ರ ನಡುರಾತ್ರಿಯಾದರೂ ಸರಿ, ಫೋನ್ ಮಾಡು.

ಇಂತಿ ನಿನ್ನ
ಗೆಳೆಯ